ರೋಗಿಯ ಹಾಸಿಗೆಯ ಬಳಿ ಆಡುವ ಮಾತು: ನಂಬಿಕೆ ಮತ್ತು ಸ್ವಸ್ಥತೆಯ ಕುರಿತು ಒಂದು ವಿಚಾರ

ಮಾತಿಗೆ ಸ್ವಸ್ಥಪಡಿಸುವ ಶಕ್ತಿಯುಂಟೆಂಬುದನ್ನು ಕ್ರೈಸ್ತ ಸಭೆಯು ಎಂದೂ ಅಲ್ಲಗಳೆದಿಲ್ಲ. ದೇವರು ಮಾತಾಡಿದ್ದರಿಂದ ಲೋಕವು ಉಂಟಾಯಿತೆಂದು ಆದಿಕಾಂಡವು ತಿಳಿಸುತ್ತದೆ. ಆ ವಾಕ್ಯವೇ ನರಾವತಾರವೆತ್ತಿತೆಂದು ಯೋಹಾನನು ಸಾರುತ್ತಾನೆ. ಆದರೆ ಆ ಶಕ್ತಿಯು ಎಲ್ಲಿ ನೆಲೆಸಿದೆ, ಅದು ಯಾರ ಬಾಯಿಯ ಮಾತಿಗೆ ಸೇರಿದ್ದು, ಕೇಳುವವನಿಂದ ಅದು ಏನನ್ನು ನಿರೀಕ್ಷಿಸುತ್ತದೆ ಎಂಬ ಪ್ರಶ್ನೆಗಳಿಗೆ ಇಂದು ನಮ್ಮ ಸಭೆಗಳಲ್ಲಿ ಕೇಳಿಬರುವ ಉತ್ತರಗಳು ಒಂದೇ ಬಗೆಯವಲ್ಲ. ಕೆಲವು ಉತ್ತರಗಳು ರೋಗಿಯನ್ನು ಎಬ್ಬಿಸಿ ಕೂರಿಸುತ್ತವೆ; ಕೆಲವು ಅವನನ್ನು ಇನ್ನೂ ಕೆಳಕ್ಕೆ ತುಳಿಯುತ್ತವೆ.

ನಾನು ಸಭಾಪಾಲನೆಗೆ ಬಂದ ಆರಂಭದ ವರ್ಷಗಳಲ್ಲಿ ನಮ್ಮ ಸಭೆಯ ಒಬ್ಬ ತಾಯಿಯ ಮಗನಿಗೆ ರಕ್ತದ ರೋಗ ಬಂತು. ಹುಡುಗನಿಗೆ ಒಂಬತ್ತು ವರ್ಷ. ಹೊರಗಿನಿಂದ ಬಂದ ಒಬ್ಬ ಬೋಧಕನು ಆ ಮನೆಯವರಿಗೆ, ರೋಗದ ಹೆಸರನ್ನು ಬಾಯಲ್ಲಿ ಹೇಳಬಾರದು, ಮಗನು ಈಗಾಗಲೇ ವಾಸಿಯಾಗಿದ್ದಾನೆಂದು ದಿನವೂ ಗಟ್ಟಿಯಾಗಿ ಅರಿಕೆಮಾಡಬೇಕು ಎಂದು ಕಲಿಸಿ ಹೋದನು. ತಾಯಿ ಹಾಗೆಯೇ ಮಾಡಿದಳು. ಏಳು ತಿಂಗಳ ನಂತರ ಹುಡುಗನು ತೀರಿಕೊಂಡನು. ಸಮಾಧಿ ಕಾರ್ಯ ಮುಗಿದ ಸಂಜೆ ಆಕೆ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: “ಅಯ್ಯನವರೇ, ನನ್ನ ನಂಬಿಕೆ ಎಷ್ಟು ಕಡಿಮೆ ಬಿತ್ತು, ಅದನ್ನಾದರೂ ಹೇಳಿ.” ನಾನು ದೇವರ ಸಾರ್ವಭೌಮತ್ವದ ಕುರಿತು ಏನೋ ಹೇಳಿದೆ. ಹೇಳಿದ್ದು ಸುಳ್ಳಲ್ಲ, ಆದರೆ ಆಕೆ ಕೇಳಿದ ಪ್ರಶ್ನೆಗೆ ಅದು ಉತ್ತರವಾಗಿರಲಿಲ್ಲ. ಮೂರು ದಿನಗಳ ನಂತರ ಸ್ತ್ರೀಯರ ಕೂಟದ ಒಬ್ಬ ವೃದ್ಧೆ ಆಕೆಯ ಮನೆಗೆ ಹೋಗಿ, ಪಕ್ಕದಲ್ಲಿ ಕುಳಿತು, ಹುಡುಗನ ಹೆಸರನ್ನು ಹೇಳಿ, ಅವನು ಭಾನುವಾರದ ಶಾಲೆಯಲ್ಲಿ ಮಾಡುತ್ತಿದ್ದ ತಂಟೆಯನ್ನು ನೆನೆದಳಂತೆ. ಏಳು ತಿಂಗಳಿಂದ ಅಳದಿದ್ದ ತಾಯಿ ಆಗ ಅತ್ತಳು. ಈ ಲೇಖನವು ಆ ಸಂಜೆ ನಾನು ಕೊಡಬೇಕಾಗಿದ್ದ ಉತ್ತರವನ್ನು ತಡವಾಗಿ ಹುಡುಕುವ ಪ್ರಯತ್ನವೆಂದು ಓದುಗರು ಭಾವಿಸಬಹುದು.

ಮಾತಿನ ಶಕ್ತಿ ಎಲ್ಲಿದೆ?

ಆ ಬೋಧಕನು ಕಲಿಸಿದ್ದು ಅವನ ಸ್ವಂತ ಕಲ್ಪನೆಯಲ್ಲ. ಅಮೆರಿಕದ ಇ. ಡಬ್ಲ್ಯು. ಕೆನ್ಯನ್ (1867–1948) ಎಂಬವರ ಬರಹಗಳಲ್ಲಿ ರೂಪುಗೊಂಡು, ಕೆನೆತ್ ಹೇಗಿನ್ (1917–2003) ಅವರ ಮೂಲಕ ಲೋಕವೆಲ್ಲಾ ಹಬ್ಬಿದ ಬೋಧನೆಯಿದು. ರೋಗಲಕ್ಷಣಗಳು ಕಾಣುತ್ತಿದ್ದರೂ ಸ್ವಸ್ಥತೆಯನ್ನು ಬಾಯಿಂದ ಅರಿಕೆಮಾಡಿದರೆ ಅದು ನಮ್ಮದಾಗುತ್ತದೆ, ಸಂಶಯದ ಮಾತನ್ನು ಆಡಿದರೆ ಕೈತಪ್ಪುತ್ತದೆ ಎಂಬುದು ಅದರ ಸಾರ. ಸಾವೂ ಬದುಕೂ ನಾಲಿಗೆಯ ವಶದಲ್ಲಿವೆಯೆಂಬ ಜ್ಞಾನೋಕ್ತಿಯ ಮಾತನ್ನು (18:21) ಇದಕ್ಕೆ ಆಧಾರವಾಗಿ ತೋರಿಸುತ್ತಾರೆ. ಅದರ ಜೊತೆಗೆ, ಗ್ರೀಕ್ ಭಾಷೆಯಲ್ಲಿ ‘ಲೋಗೊಸ್’ ಎಂದರೆ ಬರೆದಿಟ್ಟ ವಾಕ್ಯ, ‘ರೇಮ’ ಎಂದರೆ ಈಗ ನಾವು ನುಡಿದು ಕಾರ್ಯಗತಗೊಳಿಸುವ ವಾಕ್ಯ ಎಂಬ ವಿಂಗಡಣೆಯೂ ಪ್ರಚಾರದಲ್ಲಿದೆ. ಈ ವಿಂಗಡಣೆಯನ್ನು ಹೊಸ ಒಡಂಬಡಿಕೆಯು ಬೆಂಬಲಿಸುವುದಿಲ್ಲ. ಪೇತ್ರನ ಮೊದಲನೆಯ ಪತ್ರಿಕೆಯಲ್ಲಿ (1:23–25) ನಾವು ಜೀವವುಳ್ಳ ವಾಕ್ಯದಿಂದ ಹೊಸದಾಗಿ ಹುಟ್ಟಿದವರೆಂದು ಹೇಳುವಾಗ ‘ಲೋಗೊಸ್’ ಎಂಬ ಪದವಿದೆ. ಎರಡು ವಚನಗಳ ನಂತರ ಅದೇ ವಾಕ್ಯವು ಸದಾಕಾಲ ಇರುವುದೆಂದು ಹೇಳುವಾಗ ‘ರೇಮ’ ಎಂಬ ಪದವಿದೆ. ಒಂದೇ ವಾಕ್ಯಕ್ಕೆ ಎರಡು ಪದಗಳನ್ನು ಬಳಸಲಾಗಿದೆಯೆಂಬುದು ಸ್ಪಷ್ಟ.

ಇಲ್ಲಿ ನಮ್ಮ ದೈವಶಾಸ್ತ್ರಜ್ಞರೂ ಸ್ವಲ್ಪ ಹೊಣೆ ಹೊರಬೇಕು. ಇಬ್ರಿಯ ಭಾಷೆಯ ‘ದಾಬಾರ್’ ಎಂಬ ಪದಕ್ಕೆ ‘ಮಾತು’ ಎಂದೂ ‘ಸಂಗತಿ’ ಎಂದೂ ಅರ್ಥವಿರುವುದರಿಂದ, ಇಬ್ರಿಯರ ದೃಷ್ಟಿಯಲ್ಲಿ ಮಾತೆಂದರೆ ಬಿಲ್ಲಿನಿಂದ ಹೊರಟ ಬಾಣದಂತೆ ತಾನೇ ಹೋಗಿ ನಾಟುವ ಶಕ್ತಿ ಎಂದು ಕಳೆದ ಶತಮಾನದ ಎಷ್ಟೋ ಪಾಠಪುಸ್ತಕಗಳು ಬರೆದವು. ನಾನೂ ವಿದ್ಯಾರ್ಥಿಯಾಗಿದ್ದಾಗ ಹಾಗೆಯೇ ಕಲಿತೆ. ಒಂದು ಪದದ ಎರಡು ಅರ್ಥಗಳನ್ನು ಬೆರೆಸಿ ಒಂದು ಜನಾಂಗದ ಮನಸ್ಸನ್ನು ವರ್ಣಿಸುವ ಈ ವಿಧಾನದ ದೋಷವನ್ನು ಜೇಮ್ಸ್ ಬಾರ್ 1961ರಲ್ಲಿ ಎತ್ತಿ ತೋರಿಸಿದರು. 1974ರಲ್ಲಿ ಆಂಟನಿ ಥಿಸೆಲ್ಟನ್ ಇದೇ ವಿಷಯವನ್ನು ಇನ್ನೂ ನೇರವಾಗಿ ಪರಿಶೀಲಿಸಿದರು. ಇಸಾಕನು ಯಾಕೋಬನಿಗೆ ಕೊಟ್ಟ ಆಶೀರ್ವಾದವನ್ನು ಹಿಂದಕ್ಕೆ ತೆಗೆದುಕೊಳ್ಳಲಾಗಲಿಲ್ಲವೇಕೆ? ಶಬ್ದವು ಬಾಣವಾಗಿ ಹಾರಿಹೋಯಿತೆಂದಲ್ಲ. ಆ ಸಮಾಜದಲ್ಲಿ ತಂದೆಗೆ ಆಶೀರ್ವದಿಸುವ ಅಧಿಕಾರವೂ ಕ್ರಮವೂ ಇದ್ದವು, ಕೊಟ್ಟದ್ದನ್ನು ಕಸಿದುಕೊಳ್ಳುವ ಕ್ರಮವಿರಲಿಲ್ಲ. ನಮ್ಮಲ್ಲಿಯೂ ಗುರುಗಳು ನಡೆಸಿದ ವಿವಾಹವನ್ನು ಅದೇ ಗುರುಗಳು ಮರುದಿನ ಬೇರೊಂದು ಮಾತು ಹೇಳಿ ಅಳಿಸಲಾರರು. ಮಾತು ಕಾರ್ಯವನ್ನು ನಡಿಸುವುದು ನಿಜ; ಆದರೆ ಆಡುವವನು ಯಾರು, ಯಾರ ಹೆಸರಿನಲ್ಲಿ ಆಡುತ್ತಾನೆ, ಆಡುವವನಿಗೂ ಕೇಳುವವನಿಗೂ ನಡುವೆ ಏನಿದೆ ಎಂಬುದರ ಮೇಲೆ ಅದರ ಬಲವು ನಿಂತಿದೆ. ಕಾರಣವಿಲ್ಲದ ಶಾಪವು ಹಾರಾಡುವ ಗುಬ್ಬಿಯ ಹಾಗೆ ಎಲ್ಲಿಯೂ ಇಳಿಯದೆಂದು ಅದೇ ಜ್ಞಾನೋಕ್ತಿಗಳ ಪುಸ್ತಕ (26:2) ತಿಳಿಸುವುದನ್ನು ನಾಲಿಗೆಯ ಶಕ್ತಿಯ ಬೋಧಕರು ಸಾಮಾನ್ಯವಾಗಿ ಓದುವುದಿಲ್ಲ.

ಕನ್ನಡಿಗರಿಗೆ ಇದು ಹೊಸ ವಿಷಯವಾಗಬೇಕಾಗಿಲ್ಲ. ನಾವು ‘ಮಾತು ಕೊಡುತ್ತೇವೆ’, ‘ಮಾತು ಉಳಿಸಿಕೊಳ್ಳುತ್ತೇವೆ’, ‘ಮಾತು ಬಿಡುತ್ತೇವೆ’. ಅಣ್ಣತಮ್ಮಂದಿರು ಮಾತು ಬಿಟ್ಟಿದ್ದಾರೆಂದರೆ ಮನೆಯೊಂದು ಮುರಿದಿದೆಯೆಂದೇ ಅರ್ಥ. ಕೊಡುವವನು ಇಲ್ಲದೆ, ಪಡೆಯುವವನು ಇಲ್ಲದೆ ಮಾತಿಗೆ ನೆಲೆಯಿಲ್ಲವೆಂಬುದನ್ನು ನಮ್ಮ ಭಾಷೆಯೇ ಅರಿತಿದೆ. ಒಬ್ಬನೇ ಕುಳಿತು ತನ್ನ ಮೈಗೆ ತಾನೇ ಹೇಳಿಕೊಳ್ಳುವ ಘೋಷಣೆಯು ಈ ಅರ್ಥದಲ್ಲಿ ಮಾತೇ ಅಲ್ಲ.

ಕಪೆರ್ನೌಮಿನ ಶತಾಧಿಪತಿಯು (ಮತ್ತಾಯ 8:5–13) ಈ ವಿಷಯವನ್ನು ನಮ್ಮೆಲ್ಲರಿಗಿಂತ ಚೆನ್ನಾಗಿ ತಿಳಿದಿದ್ದನು. ಯೇಸುಸ್ವಾಮಿಯು ತನ್ನ ಮನೆಗೆ ಬರಬೇಕಾಗಿಲ್ಲ, ಒಂದು ಮಾತು ಸಾಕು ಎಂದು ಅವನು ಬಿನ್ನವಿಸಿದನು. ಅದಕ್ಕೆ ಅವನು ಕೊಟ್ಟ ಕಾರಣವೇನು? ತಾನೂ ಅಧಿಕಾರದ ಕೆಳಗಿರುವವನು, ತನ್ನ ಕೆಳಗೂ ಸಿಪಾಯಿಗಳಿದ್ದಾರೆ ಎಂಬುದು. ಶಬ್ದದ ಮಹಿಮೆಯನ್ನು ಅವನು ಹೊಗಳಲಿಲ್ಲ, ಹೇಳುವಾತನ ಅಧಿಕಾರವನ್ನು ಗುರುತಿಸಿದನು. ಅದನ್ನೇ ಕರ್ತನು ನಂಬಿಕೆಯೆಂದು ಕರೆದನು. ಆ ಆಳಾದರೋ ಕಥೆಯುದ್ದಕ್ಕೂ ಮನೆಯಲ್ಲಿ ಮಲಗಿದ್ದಾನೆ. ಅವನು ಏನನ್ನಾದರೂ ನಂಬಿದನೇ ಎಂದು ಯಾರೂ ವಿಚಾರಿಸಲಿಲ್ಲ.

ಯಾರ ನಂಬಿಕೆ?

ಆ ತಾಯಿಯ ಪ್ರಶ್ನೆ ಇಲ್ಲಿಗೆ ಬಂದು ನಿಲ್ಲುತ್ತದೆ. ಸುವಾರ್ತೆಗಳಲ್ಲಿ ಸ್ವಸ್ಥತೆಯ ಕಥೆಗಳನ್ನು ಒಂದೊಂದಾಗಿ ತೆಗೆದು, ನಂಬಿದವರು ಯಾರೆಂದು ಕೇಳುತ್ತಾ ಹೋದರೆ ಆಶ್ಚರ್ಯವಾಗುತ್ತದೆ. ಮಾಳಿಗೆಯನ್ನು ತೆರೆದು ಪಾರ್ಶ್ವವಾಯು ರೋಗಿಯನ್ನು ಇಳಿಸಿದಾಗ ಕರ್ತನು ನೋಡಿದ್ದು ಹೊತ್ತು ತಂದವರ ನಂಬಿಕೆಯನ್ನು (ಮಾರ್ಕ 2:5). ಬೇತ್ಸಥದ ಕೊಳದ ಬಳಿ ಮೂವತ್ತೆಂಟು ವರ್ಷ ಬಿದ್ದಿದ್ದವನಿಗೆ, ತನ್ನನ್ನು ವಾಸಿಮಾಡಿದವನು ಯಾರೆಂಬುದೇ ಗೊತ್ತಿರಲಿಲ್ಲ (ಯೋಹಾನ 5:13). ಮೂಕದೆವ್ವ ಹಿಡಿದ ಹುಡುಗನ ತಂದೆ ನಂಬುತ್ತೇನೆಂದು ಹೇಳಿದ ಉಸಿರಿನಲ್ಲಿಯೇ ತನ್ನ ಅಪನಂಬಿಕೆಗೆ ಸಹಾಯ ಬೇಡಿದನು (ಮಾರ್ಕ 9:24). ಆ ಅರೆಬರೆ ಮಾತನ್ನು ಕರ್ತನು ತಿರಸ್ಕರಿಸಲಿಲ್ಲ. ಅದೇ ಕಥೆಯನ್ನು ಮತ್ತಾಯನು ಹೇಳುವಾಗ ಅಲ್ಪವಿಶ್ವಾಸದ ಗದರಿಕೆಯು ಯಾರ ಮೇಲೆ ಬೀಳುತ್ತದೆಂಬುದನ್ನು ಗಮನಿಸಬೇಕು. ಹುಡುಗನ ಮೇಲೆ ಅಲ್ಲ, ತಂದೆಯ ಮೇಲೆ ಅಲ್ಲ; ವಾಸಿಮಾಡಲು ಹೋಗಿ ಕೈಲಾಗದೆ ನಿಂತ ಶಿಷ್ಯರ ಮೇಲೆ (ಮತ್ತಾಯ 17:19–20). ಪ್ರಾರ್ಥನೆ ಫಲಿಸದಿದ್ದಾಗ ರೋಗಿಯ ನಂಬಿಕೆಯನ್ನು ಅಳೆಯುವ ಬೋಧಕನು ಈ ಭಾಗವನ್ನು ತಲೆಕೆಳಗಾಗಿ ಓದಿದ್ದಾನೆ.

ಆಕ್ಷೇಪಣೆಗಳಿಲ್ಲವೆಂದಲ್ಲ. ನಜರೇತಿನಲ್ಲಿ ಜನರ ಅಪನಂಬಿಕೆಯ ನಿಮಿತ್ತ ಯೇಸು ಮಹತ್ಕಾರ್ಯಗಳನ್ನು ಮಾಡಲಾರದೆ ಹೋದನೆಂದು ಮಾರ್ಕನು ಬರೆದಿದ್ದಾನೆ (6:5–6). ಆದರೆ ಅಲ್ಲಿ ಹೇಳಿರುವುದು ತನ್ನ ಊರಿನವನನ್ನು ತಳ್ಳಿಬಿಟ್ಟ ಒಂದು ಊರಿನ ಅಪನಂಬಿಕೆ. ಅಂಥ ಊರಿನಲ್ಲಿಯೂ ಆತನು ಕೆಲವು ರೋಗಿಗಳ ಮೇಲೆ ಕೈಯಿಟ್ಟು ವಾಸಿಮಾಡಿದನೆಂದು ಅದೇ ವಚನದಲ್ಲಿದೆ. ಇಬ್ಬರು ಕುರುಡರನ್ನು ಆತನು ಮುಂಚಿತವಾಗಿಯೇ ನಂಬಿಕೆಯ ವಿಷಯದಲ್ಲಿ ಪ್ರಶ್ನಿಸಿದ್ದುಂಟು (ಮತ್ತಾಯ 9:28). ಕೇಳಿದ್ದು ಆತನಿಗೆ ಇದು ಸಾಧ್ಯವೆಂದು ನಂಬುತ್ತಾರೋ ಎಂದು. ಅವರು ತಮ್ಮೊಳಗೆ ಎಷ್ಟು ನಂಬಿಕೆಯನ್ನು ಒಟ್ಟುಗೂಡಿಸಿದ್ದಾರೆಂದು ಆತನು ತೂಗಲಿಲ್ಲ. ನಂಬಿಕೆಯು ಸ್ವಸ್ಥಮಾಡಿತೆಂಬ ಪ್ರಸಿದ್ಧ ಮಾತು ರಕ್ತಸ್ರಾವದ ಸ್ತ್ರೀಗೆ, ಬಾರ್ತಿಮಾಯನಿಗೆ, ಹಿಂದಿರುಗಿ ಬಂದ ಸಮಾರ್ಯದ ಕುಷ್ಠರೋಗಿಗೆ ಹೇಳಿದ್ದು. ಅದು ಅವರಿಗೆ ಕೊಟ್ಟ ಗೌರವ. ವಾಸಿಯಾಗದೆ ಉಳಿದ ಯಾವ ರೋಗಿಗೂ, ನಿನ್ನ ನಂಬಿಕೆ ಸಾಲಲಿಲ್ಲವೆಂದು ಕರ್ತನು ಹೇಳಿದ ಒಂದು ವಚನವನ್ನೂ ನಾಲ್ಕು ಸುವಾರ್ತೆಗಳಲ್ಲಿ ನಾನು ಕಂಡಿಲ್ಲ.

ಹನ್ನೆರಡು ವರ್ಷಗಳ ಕಥೆ

ರಕ್ತಸ್ರಾವದ ಸ್ತ್ರೀಯ ಕಥೆಯ ಬಳಿ (ಮಾರ್ಕ 5:25–34) ಸ್ವಲ್ಪ ಹೊತ್ತು ನಿಲ್ಲುವುದು ಅಗತ್ಯ. ಆಕೆ ಹನ್ನೆರಡು ವರ್ಷ ನರಳಿದ್ದಳು, ಅನೇಕ ವೈದ್ಯರಿಂದ ಕಷ್ಟಪಟ್ಟಿದ್ದಳು, ಇದ್ದದ್ದೆಲ್ಲವನ್ನೂ ಖರ್ಚುಮಾಡಿದ್ದಳು. ಯಾಜಕಕಾಂಡದ ನಿಯಮದಂತೆ (15:25–27) ಆಕೆಯೂ ಆಕೆ ಕುಳಿತ ಜಾಗವೂ ಅಶುದ್ಧ. ಹನ್ನೆರಡು ವರ್ಷ ಜನರು ಆಕೆಯ ವಿಷಯವಾಗಿ ಮಾತಾಡಿದ್ದರೇ ಹೊರತು ಆಕೆಯ ಸಂಗಡ ಮಾತಾಡಿದವರು ವಿರಳವಾಗಿದ್ದಿರಬೇಕು.

ಕಥೆಯ ಕ್ರಮವನ್ನು ಗಮನಿಸೋಣ. ಆಕೆ ಉಡುಪನ್ನು ಮುಟ್ಟಿದ ಕೂಡಲೇ ರಕ್ತವು ನಿಂತಿತು; ಗುಣವಾಯಿತೆಂದು ತನ್ನ ದೇಹದಲ್ಲಿಯೇ ಆಕೆಗೆ ತಿಳಿಯಿತು. ಇಷ್ಟೆಲ್ಲ ಒಂದು ಮಾತೂ ಇಲ್ಲದೆ ನಡೆಯಿತು. ರೋಗನಿವಾರಣೆ ಮಾತ್ರವೇ ಕರ್ತನ ಉದ್ದೇಶವಾಗಿದ್ದಿದ್ದರೆ ಆತನು ಮುಂದೆ ನಡೆಯಬಹುದಾಗಿತ್ತು. ನಡೆಯುವುದಕ್ಕೆ ಅವಸರದ ಕಾರಣವೂ ಇತ್ತು: ಯಾಯೀರನ ಮಗಳು ಸಾಯುತ್ತಿದ್ದಳು. ಆದರೂ ಆತನು ನಿಂತು, ಯಾರೆಂದು ವಿಚಾರಿಸಿದನು. ಸ್ತ್ರೀಯು ಭಯದಿಂದ ನಡುಗುತ್ತಾ ಬಂದು ಅಡ್ಡಬಿದ್ದು ಎಲ್ಲಾ ಸತ್ಯವನ್ನೂ ಹೇಳಿದಳೆಂದು ಮಾರ್ಕನು ಬರೆಯುತ್ತಾನೆ. ಹನ್ನೆರಡು ವರ್ಷಗಳ ಸತ್ಯವೆಲ್ಲವೂ ಎಷ್ಟು ಹೊತ್ತು ಹಿಡಿದಿದ್ದೀತು? ಅದನ್ನು ಕರ್ತನು ಕೇಳಿಸಿಕೊಂಡನು. ಅಷ್ಟರಲ್ಲಿ ಯಾಯೀರನ ಮನೆಯಿಂದ ಸಾವಿನ ಸುದ್ದಿ ಬಂತು. ಆ ತಂದೆಗೆ ಆ ವಿಳಂಬವು ಹೇಗೆ ಕಂಡಿರಬಹುದೆಂದು ನೆನೆದರೆ ಈ ಕೇಳುವಿಕೆಯ ಬೆಲೆ ಅರ್ಥವಾಗುತ್ತದೆ.

ಕೇಳಿದ ಮೇಲೆ ಆತನು ಆಡಿದ ಮೊದಲ ಪದ, ಮಗಳೇ ಎಂಬುದು. ಆತನು ಒಬ್ಬ ಸ್ತ್ರೀಯನ್ನು ಹೀಗೆ ಕರೆದದ್ದು ಸುವಾರ್ತೆಗಳಲ್ಲಿ ಈ ಒಂದೇ ಸಂದರ್ಭದಲ್ಲಿ. ಯಾಯೀರನಿಗೆ ತನ್ನ ಮಗಳಿಗಾಗಿ ಬೇಡಿಕೊಳ್ಳಲು ತಂದೆಯ ಬಾಯಿಯಿತ್ತು, ಸಭಾಮಂದಿರದ ಅಧ್ಯಕ್ಷನೆಂಬ ಹೆಸರೂ ಇತ್ತು. ಹಿಂದಿನಿಂದ ಕದ್ದು ಮುಟ್ಟಿದ ಈ ಸ್ತ್ರೀಗೆ ಯಾರೂ ಇರಲಿಲ್ಲ. ಆ ಒಂದು ಸಂಬೋಧನೆಯಿಂದ ಆಕೆ ಒಬ್ಬ ತಂದೆಯ ಮನೆಯವಳಾದಳು. ದೇಹದಲ್ಲಿ ಆದ ಗುಣವನ್ನು ಹೇಳಲು ಮಾರ್ಕನು ಬಳಸಿದ ಗ್ರೀಕ್ ಪದವೇ ಬೇರೆ. ಕರ್ತನು ಆಕೆಗೆ ಹೇಳುವ ಪದ ‘ಸೋಜೋ’, ಅಂದರೆ ಸ್ವಸ್ಥಮಾಡು ಎಂದೂ ರಕ್ಷಿಸು ಎಂದೂ ಎರಡೂ ಅರ್ಥ ಕೊಡುವ ಕ್ರಿಯಾಪದ. ಇದೇ ವಾಕ್ಯವನ್ನು ಗ್ರೀಕಿನಲ್ಲಿ ಅಕ್ಷರವೂ ಬದಲಾಗದೆ ಲೂಕನು ಪಾಪಕ್ಷಮೆ ಹೊಂದಿದ ಸ್ತ್ರೀಯ ಕಥೆಯಲ್ಲಿ (7:50) ಬರೆದಿದ್ದಾನೆ. ಅಲ್ಲಿ ಯಾವ ರೋಗವೂ ಇಲ್ಲ. ನಮ್ಮ ಅನುವಾದಕರು ಒಂದು ಕಡೆ ಸ್ವಸ್ಥತೆಯ ಪದವನ್ನೂ ಇನ್ನೊಂದು ಕಡೆ ರಕ್ಷಣೆಯ ಪದವನ್ನೂ ಆರಿಸಲೇಬೇಕಾಗುತ್ತದೆ. ಅದು ಅವರ ತಪ್ಪಲ್ಲ, ಆದರೂ ಕನ್ನಡದಲ್ಲಿ ಮಾತ್ರ ಓದುವವರಿಗೆ ಈ ಎರಡು ಸ್ತ್ರೀಯರ ಸಂಬಂಧವು ಮರೆಯಾಗುತ್ತದೆ.

ಸಮಾಧಾನವೆಂಬ ಪದದ ಅಪಾಯ

ಆ ಸ್ತ್ರೀಯನ್ನು ಕರ್ತನು ಕಳುಹಿಸಿಕೊಟ್ಟದ್ದು ಸಮಾಧಾನದಲ್ಲಿ. ಇಬ್ರಿಯರ ‘ಶಾಲೋಮ್’ ಎಂಬ ಪದಕ್ಕೆ ನಮ್ಮ ಸತ್ಯವೇದವು ಅನೇಕ ಕಡೆಗಳಲ್ಲಿ ‘ಸಮಾಧಾನ’ ಎಂದೇ ಹೇಳುತ್ತದೆ. ಒಳ್ಳೆಯ ಪದ. ಆದರೆ ಮನೆಮಾತಿನಲ್ಲಿ ‘ಸಮಾಧಾನ ಮಾಡುವುದು’ ಎಂದರೆ ಅಳುವವರನ್ನು ಸುಮ್ಮನಾಗಿಸುವುದೂ ಹೌದು. ಸಾವಿನ ಮನೆಯಲ್ಲಿ ನಾವು ಆಡುವ ಮಾತುಗಳಲ್ಲಿ ಎಷ್ಟು ಭಾಗ ದುಃಖಿಸುವವರಿಗಾಗಿ, ಎಷ್ಟು ಭಾಗ ಅವರ ಅಳುವನ್ನು ಕೇಳಲಾರದ ನಮಗಾಗಿ ಎಂದು ಪ್ರಾಮಾಣಿಕವಾಗಿ ಕೇಳಿಕೊಳ್ಳಬೇಕು.

ಯೋಬನ ಸ್ನೇಹಿತರು ಏಳು ದಿನ ಅವನ ಸಂಗಡ ನೆಲದ ಮೇಲೆ ಮೌನವಾಗಿ ಕುಳಿತರು (2:13). ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಯೋಬನು ತನ್ನ ಹುಟ್ಟಿದ ದಿನವನ್ನು ಶಪಿಸಿದ ಕೂಡಲೇ ಅವರಿಗೆ ತಡೆಯಲಾಗಲಿಲ್ಲ. ಸಮಾಧಾನ ಮಾಡಲು ತೊಡಗಿದರು. ಎಲೀಫಜನ ಮಾತುಗಳನ್ನು ಬಿಡಿಬಿಡಿಯಾಗಿ ನೋಡಿದರೆ ಒಂದೊಂದೂ ಭಕ್ತಿಯುಕ್ತವೇ, ಪ್ರಸಂಗಕ್ಕೆ ಆಧಾರವಾಗಿಟ್ಟುಕೊಳ್ಳಬಹುದು. ಕೊನೆಗೆ ದೇವರು ಅವರ ಮೇಲೆ ಕೋಪಿಸಿಕೊಂಡು, ಯೋಬನಂತೆ ಅವರು ಸರಿಯಾಗಿ ಮಾತಾಡಲಿಲ್ಲವೆಂದನು (42:7). ಆ ವಚನದ ಇಬ್ರಿಯ ಪದವನ್ನು ‘ನನ್ನ ವಿಷಯವಾಗಿ’ ಎಂದೂ ‘ನನಗೆ’ ಎಂದೂ ಓದಬಹುದು. ಎರಡನೆಯ ರೀತಿಯಲ್ಲಿ ಓದಿದರೆ ಒಂದು ಸತ್ಯ ಹೊಳೆಯುತ್ತದೆ: ಇಡೀ ಪುಸ್ತಕದಲ್ಲಿ ಸ್ನೇಹಿತರು ದೇವರ ವಿಷಯವಾಗಿ ಮಾತಾಡಿದರೇ ಹೊರತು ದೇವರೊಡನೆ ಒಮ್ಮೆಯೂ ಮಾತಾಡಲಿಲ್ಲ. ದೇವರ ಮೇಲೆ ದೂರು ಹೊರಿಸಿದ ಯೋಬನು ಆತನ ಸಂಗಡ ಮಾತು ಬಿಟ್ಟವನಲ್ಲ.

ಕೀರ್ತನೆಗಳ ಪುಸ್ತಕದಲ್ಲಿ ಮೂರನೆಯ ಒಂದು ಭಾಗಕ್ಕೂ ಹೆಚ್ಚು ಪ್ರಲಾಪಗಳಿವೆ. 88ನೆಯ ಕೀರ್ತನೆಯು ಕತ್ತಲೆಯಲ್ಲಿಯೇ ಮುಗಿಯುತ್ತದೆ, ಸ್ತುತಿಯ ಕಡೆಗೆ ತಿರುಗುವುದೂ ಇಲ್ಲ. ರೋಗದ ಹೆಸರನ್ನು ಹೇಳುವುದೇ ಅಪನಂಬಿಕೆಯಾಗಿದ್ದರೆ ಇಂಥ ಪ್ರಾರ್ಥನೆಗಳನ್ನು ಪವಿತ್ರಾತ್ಮನು ಸಭೆಯ ಬಾಯಿಗೆ ಏಕೆ ಕೊಟ್ಟನು? ಆ ಬೋಧಕನು ತಾಯಿಯಿಂದ ಕಸಿದುಕೊಂಡದ್ದು ಇದನ್ನೇ. ವೃದ್ಧೆಯು ಹುಡುಗನ ಹೆಸರನ್ನು ಹೇಳಿ ಹಿಂದಕ್ಕೆ ಕೊಟ್ಟದ್ದೂ ಇದನ್ನೇ.

ಹೊರಗಿನಿಂದ ಬರುವ ಮಾತು

ಹಾಗಾದರೆ ಕೇಳುವುದು ಮಾತ್ರ ಸಾಕೇ, ಹೇಳುವುದಕ್ಕೆ ಏನೂ ಇಲ್ಲವೇ? ಉಂಟು. ಲೂಥರನು 1537ರ ಸ್ಮಾಲ್ಕಾಲ್ಡ್ ವಿಧಿಗಳಲ್ಲಿ ಸುವಾರ್ತೆಯು ನಮಗೆ ತಲಪುವ ಮಾರ್ಗಗಳನ್ನು ಎಣಿಸುತ್ತಾ ಪ್ರಸಂಗ, ದೀಕ್ಷಾಸ್ನಾನ, ಕರ್ತನ ಭೋಜನ, ಪಾಪಕ್ಷಮೆಯನ್ನು ಸಾರುವ ಬೀಗದ ಕೈಗಳ ಅಧಿಕಾರ ಇವುಗಳ ಸಾಲಿನಲ್ಲಿಯೇ ಸಹೋದರರ ಪರಸ್ಪರ ಸಂಭಾಷಣೆಯನ್ನೂ ಸಂತೈಸುವಿಕೆಯನ್ನೂ ಸೇರಿಸಿದನು. ನಾವು ಅದನ್ನು ಸಭ್ಯತೆಯ ವಿಷಯವೆಂದು ತಿಳಿದಿದ್ದೇವೆ. ಅವನು ಕೃಪಾಸಾಧನಗಳ ಜೊತೆಯಲ್ಲಿಟ್ಟನು. ಕ್ಷಮೆಯ ಮಾತನ್ನು ಯಾವನೂ ತನಗೆ ತಾನೇ ಹೇಳಿಕೊಳ್ಳಲಾರನು. ಬೊನ್‌ಹೋಫರ್ ತಮ್ಮ 1939ರ ಸಹಜೀವನದ ಕುರಿತಾದ ಪುಸ್ತಕದಲ್ಲಿ ಇದೇ ವಿಚಾರವನ್ನು ಮುಂದುವರಿಸಿ, ಧೈರ್ಯಗೆಟ್ಟವನಿಗೆ ತನ್ನ ಹೃದಯದಲ್ಲಿರುವ ಕ್ರಿಸ್ತನಿಗಿಂತ ಸಹೋದರನ ಬಾಯಿಯ ವಾಕ್ಯದಲ್ಲಿ ಬರುವ ಕ್ರಿಸ್ತನೇ ಬಲವಾದ ಆಧಾರವೆಂದು ತೋರಿಸಿದರು. ಅರಿಕೆಯ ಬೋಧಕರು ರೋಗಿಯನ್ನು ಅವನ ಒಳಕ್ಕೇ ತಿರುಗಿಸುತ್ತಾರೆ. ಸುವಾರ್ತೆಯು ಅವನ ಬಳಿಗೆ ಇನ್ನೊಬ್ಬನನ್ನು ಕಳುಹಿಸುತ್ತದೆ.

ಇದಕ್ಕೆ ನಮ್ಮ ಕರಾವಳಿಯ ಸಭೆಗಳಿಗೆ ದೂರದ ನಂಟಿರುವ ಒಂದು ನಿದರ್ಶನವಿದೆ. ಬಾಸೆಲ್ ಮಿಶನ್ನಿನ ಮೊದಲ ಮಿಷನರಿಗಳು 1834ರಲ್ಲಿ ಮಂಗಳೂರಿಗೆ ಬಂದಾಗ, ಬಾಸೆಲಿನ ಮಿಶನ್ ಮನೆಯಲ್ಲಿ ಬೋಧಿಸುತ್ತಿದ್ದವರಲ್ಲಿ ಯೋಹಾನ್ ಕ್ರಿಸ್ಟೋಫ್ ಬ್ಲೂಮ್‌ಹಾರ್ಟ್ (1805–1880) ಒಬ್ಬರು. ಅವರು ಮುಂದೆ ವ್ಯುರ್ಟೆಂಬೆರ್ಗ್ ಪ್ರಾಂತದ ಮೊಟ್ಲಿಂಗನ್ ಎಂಬ ಹಳ್ಳಿಯ ಸಭಾಪಾಲಕರಾದರು. ಅಲ್ಲಿ ಗೊಟ್ಲೀಬಿನ್ ಡಿಟಸ್ ಎಂಬ ಯುವತಿಯ ಬಾಧೆಯೊಡನೆ 1842–43ರಲ್ಲಿ ನಡೆದ ದೀರ್ಘ ಪ್ರಾರ್ಥನಾ ಹೋರಾಟವೂ, ಯೇಸು ಜಯಶಾಲಿ ಎಂಬ ಕೂಗಿನಲ್ಲಿ ಅದು ಮುಗಿದದ್ದೂ ಪ್ರಸಿದ್ಧವಾಗಿವೆ. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಅನಂತರ ನಡೆದದ್ದು. 1844ರ ಆರಂಭದಿಂದ ಹಳ್ಳಿಯವರು ಒಬ್ಬೊಬ್ಬರಾಗಿ ಪಾಲಕರ ಮನೆಗೆ ಬಂದು ತಮ್ಮ ಪಾಪಗಳನ್ನು ಅರಿಕೆಮಾಡತೊಡಗಿದರು. ಅವರು ಕೇಳಿಸಿಕೊಂಡು, ತಲೆಯ ಮೇಲೆ ಕೈಯಿಟ್ಟು ಕ್ಷಮೆಯನ್ನು ಸಾರುತ್ತಿದ್ದರು. ಹಾಗೆ ಬಂದವರಲ್ಲಿ ಕೆಲವರು ದೇಹದ ಕಾಯಿಲೆಯೂ ಹೋಯಿತೆಂದು ಹೇಳಿಕೊಂಡರು. ಸ್ವಸ್ಥತೆಯು ಕ್ಷಮೆಯ ಬೆನ್ನಿಗೆ, ಕೇಳದೆಯೇ ಬಂತು. ಸಭಾಧಿಕಾರಿಗಳು ಇದನ್ನು ಸಂಶಯದಿಂದ ನೋಡಿ ನಿರ್ಬಂಧಗಳನ್ನು ಹಾಕಿದರು. 1852ರಲ್ಲಿ ಅವರು ಬಾಡ್ ಬೋಲ್ ಎಂಬಲ್ಲಿನ ಆರೋಗ್ಯಧಾಮಕ್ಕೆ ಹೋಗಿ, ಬಳಲಿದವರು ಬಂದು ತಂಗುವ ಮನೆಯನ್ನು ನಡೆಸಿದರು.

ಈ ವಿಷಯದಲ್ಲಿ ಪೆಂಟೆಕೋಸ್ತಲ್ ಸಹೋದರರಿಗೆ ನ್ಯಾಯವಾಗಿ ಸಲ್ಲಬೇಕಾದದ್ದನ್ನು ಸಲ್ಲಿಸಬೇಕು. ನಮ್ಮ ಹಳೆಯ ಸಭೆಗಳು ದೇಹವನ್ನು ಆಸ್ಪತ್ರೆಗೂ ಆತ್ಮವನ್ನು ದೇವಾಲಯಕ್ಕೂ ಹಂಚಿಕೊಟ್ಟು ನೆಮ್ಮದಿಯಾಗಿದ್ದಾಗ, ರೋಗಿಯ ಮೈಮೇಲೆ ಕೈಯಿಟ್ಟು ಪ್ರಾರ್ಥಿಸಿದವರು ಅವರು. ನಮ್ಮವರು ಅಲ್ಲಿಗೆ ಹೋದದ್ದಕ್ಕೆ ನಾವು ದೂರುವುದರಲ್ಲಿ ಅರ್ಥವಿಲ್ಲ. 1964ರಲ್ಲಿ ಟ್ಯೂಬಿಂಗನ್ನಿನಲ್ಲಿ ಸೇರಿದ ಸಮಾಲೋಚನಾ ಸಭೆಯು, ಸ್ವಸ್ಥಪಡಿಸುವ ಸೇವೆಯು ವೈದ್ಯರಿಗೆ ಮಾತ್ರ ಸೇರಿದ್ದಲ್ಲ, ಇಡೀ ಸಭೆಗೆ ಒಪ್ಪಿಸಲ್ಪಟ್ಟದ್ದೆಂದು ಒತ್ತಿ ಹೇಳಿತು. ಅರುವತ್ತು ವರ್ಷಗಳಾದರೂ ಆ ಮಾತು ನಮ್ಮ ಸಭೆಗಳಲ್ಲಿ ಹೆಚ್ಚು ಬೇರೂರಿಲ್ಲ.

ಹಿರಿಯರು ಬರಬೇಕು

ಯಾಕೋಬನ ಪತ್ರಿಕೆಯ 5:13–16ರಲ್ಲಿ ರೋಗಿಗೆ ಒಪ್ಪಿಸಿರುವ ಕೆಲಸ ಒಂದೇ: ಸಭೆಯ ಹಿರಿಯರನ್ನು ಕರೆಸುವುದು. ಉಳಿದದ್ದೆಲ್ಲ ಬಂದವರ ಕೆಲಸ. ಎಣ್ಣೆ ಹಚ್ಚುವವರು ಅವರು, ಪ್ರಾರ್ಥಿಸುವವರು ಅವರು. ನಂಬಿಕೆಯ ಪ್ರಾರ್ಥನೆಯೆಂದು ಅಲ್ಲಿ ಹೇಳಿರುವುದು ಅವರ ಪ್ರಾರ್ಥನೆ. 15ನೆಯ ವಚನದಲ್ಲಿ ರೋಗಿಯನ್ನು ಸೂಚಿಸುವ ಗ್ರೀಕ್ ಪದಕ್ಕೆ ಬಳಲಿದವನು ಎಂಬ ಅರ್ಥವೂ ಉಂಟು. ನಂಬುವುದಕ್ಕೂ ಶಕ್ತಿಯಿಲ್ಲದಷ್ಟು ಬಳಲಿದವನ ಪರವಾಗಿ ಬೇರೆಯವರು ನಂಬುತ್ತಾರೆ. ‘ಅಷ್ಟು’ ಅಥವಾ ‘ಇಷ್ಟು’ ಎಂದು ಅಳೆಯುವ ಪ್ರಶ್ನೆಯೇ ಅಲ್ಲಿ ಏಳುವುದಿಲ್ಲ. ಅಮ್ಮಾ, ನಿನ್ನ ನಂಬಿಕೆ ಕಡಿಮೆ ಬೀಳಲಿಲ್ಲ. ನಿನ್ನೊಬ್ಬಳ ಮೇಲೆ ಅಷ್ಟೂ ಭಾರ ಹೊರಿಸಿ ನಾವು ದೂರ ನಿಂತೆವು ಎಂದು ಆ ಸಂಜೆ ನಾನು ಹೇಳಬೇಕಾಗಿತ್ತು.

ಅದೇ ವಚನದ ಎರಡು ಕ್ರಿಯಾಪದಗಳಲ್ಲಿ ಒಂದು ಸ್ವಸ್ಥತೆಗೂ ರಕ್ಷಣೆಗೂ ಸಲ್ಲುವ ‘ಸೋಜೋ’. ಇನ್ನೊಂದು ಕ್ರಿಸ್ತನು ಎಬ್ಬಿಸಲ್ಪಟ್ಟನೆಂದು ಹೇಳಲು ಬಳಸುವ ಕ್ರಿಯಾಪದ. ಹಾಸಿಗೆಯಿಂದ ಎಬ್ಬಿಸುವುದಕ್ಕೂ ಸಮಾಧಿಯಿಂದ ಎಬ್ಬಿಸುವುದಕ್ಕೂ ಒಂದೇ ಪದ. ಆದುದರಿಂದ ಈ ವಾಗ್ದಾನವು ಗುಣವಾಗದೆ ಸತ್ತ ಮಗುವಿನ ಪಕ್ಕದಲ್ಲಿಯೂ ಸುಳ್ಳಾಗುವುದಿಲ್ಲ. ನನ್ನ ಮಟ್ಟಿಗೆ ಸ್ವಸ್ಥಪಡಿಸುವ ಮಾತಿನ ಪರೀಕ್ಷೆ ಇದೇ: ವಾಸಿಯಾಗದವನ ಎದುರಿನಲ್ಲಿ ಅದನ್ನು ನಾಚದೆ ಹೇಳಬಹುದೇ? ಅಪೊಸ್ತಲನ ಕಾಲದ ಸಭೆಗೂ ಈ ಪರೀಕ್ಷೆ ಬಂದಿತ್ತು. ತ್ರೊಫಿಮನು ರೋಗದಲ್ಲಿ ಬಿದ್ದಿದ್ದರಿಂದ ಅವನನ್ನು ಮಿಲೇತದಲ್ಲಿ ಬಿಟ್ಟುಬಂದೆನೆಂದು ಎರಡನೆಯ ತಿಮೊಥೆಯ ಪತ್ರಿಕೆ (4:20) ತಿಳಿಸುತ್ತದೆ. ಅವನ ನಂಬಿಕೆಯ ಕುರಿತು ಒಂದು ಟೀಕೆಯೂ ಅಲ್ಲಿಲ್ಲ. ತಿಮೊಥೆಯ ಹೊಟ್ಟೆಯ ಬೇನೆಗೆ ಸ್ವಲ್ಪ ದ್ರಾಕ್ಷಾರಸವನ್ನು ತೆಗೆದುಕೊಳ್ಳುವಂತೆ ಸಲಹೆಯಿದೆ. ಪೌಲನೇ ತನ್ನ ಶರೀರದ ಮುಳ್ಳಿಗಾಗಿ ಮೂರು ಸಾರಿ ಬೇಡಿಕೊಂಡನು. ಮುಳ್ಳು ಹೋಗಲಿಲ್ಲ, ಕೃಪೆಯ ಕುರಿತಾದ ಒಂದು ಮಾತು ಬಂತು (2 ಕೊರಿಂಥ 12:8–9). ಆ ಮಾತನ್ನು ಅವನು ಉತ್ತರವೆಂದೇ ಸ್ವೀಕರಿಸಿದನು.

ಆಂಟನ್ ಬಾಯ್ಸನ್ ಎಂಬವರು 1925ರಲ್ಲಿ ಅಮೆರಿಕದ ವುಸ್ಟರ್ ಎಂಬಲ್ಲಿನ ಮಾನಸಿಕ ಆಸ್ಪತ್ರೆಯಲ್ಲಿ ದೈವಶಾಸ್ತ್ರದ ವಿದ್ಯಾರ್ಥಿಗಳಿಗೆ ತರಬೇತಿಯನ್ನು ಆರಂಭಿಸಿದಾಗ, ರೋಗಿಗಳನ್ನು ಜೀವಂತ ದಾಖಲೆಗಳೆಂದು ಓದಲು ಕಲಿಸಿದರು. ಅವರು ಸ್ವತಃ ಅಂಥ ಆಸ್ಪತ್ರೆಯಲ್ಲಿ ರೋಗಿಯಾಗಿದ್ದವರು. ಆ ಪರಂಪರೆಯಿಂದ ಬಂದ ಒಂದು ಅಭ್ಯಾಸವನ್ನು ನಾನು ನನ್ನ ತರಗತಿಯಲ್ಲಿ ಇಟ್ಟುಕೊಂಡಿದ್ದೇನೆ: ಆಸ್ಪತ್ರೆಯ ಭೇಟಿ ಮುಗಿದ ಮೇಲೆ, ರೋಗಿ ಏನು ಹೇಳಿದನು, ತಾನು ಏನು ಹೇಳಿದೆನು ಎಂಬುದನ್ನು ನೆನಪಿದ್ದಷ್ಟು ಮಾತಿಗೆ ಮಾತು ಬರೆದು ತರುವುದು. ಕಳೆದ ವರ್ಷ ಒಬ್ಬ ವಿದ್ಯಾರ್ಥಿಯು ನಾಲ್ಕು ಪುಟ ಬರೆದು ತಂದನು. ಮೂರೂವರೆ ಪುಟ ಅವನದೇ ಮಾತು; ಯೆಶಾಯನ ಪ್ರವಾದನೆಯಿತ್ತು, ರೋಮಾಪುರದವರಿಗೆ ಬರೆದ ಪತ್ರಿಕೆಯಿತ್ತು, ಚೆನ್ನಾದ ಒಂದು ಪ್ರಾರ್ಥನೆಯೂ ಇತ್ತು. ಎರಡನೆಯ ಪುಟದ ಕೆಳಭಾಗದಲ್ಲಿ ರೋಗಿಯ ಒಂದು ಸಾಲು: “ಹಗಲು ಹೇಗೋ ಕಳೆಯುತ್ತೆ ಅಯ್ಯಾ, ರಾತ್ರಿ ಮಾತ್ರ ಹೆದರಿಕೆ ಆಗುತ್ತೆ.” ಅದರ ನಂತರದ ಸಾಲಿನಲ್ಲಿ ವಿದ್ಯಾರ್ಥಿಯು ಯೆಶಾಯನ ಕಡೆಗೆ ತಿರುಗಿದ್ದನು. ನಾನು ಆ ಸಾಲಿನ ಕೆಳಗೆ ಗೆರೆ ಎಳೆದು, ಅವನನ್ನು ಅದೇ ವಾರ್ಡಿಗೆ ಮತ್ತೆ ಕಳುಹಿಸಿದೆ. ರೋಗಿಯನ್ನು ಇನ್ನೂ ಮನೆಗೆ ಕಳುಹಿಸಿರಲಿಲ್ಲ.